ಎರಡು ತಾಸಿನ ಬಾಯಾರಿಕೆ

ಕೋಳಿಗಳಿಗೆ ಲಸಿಕೆ ಕುಡಿಸಬೇಕೆಂದರೆ ಮೊದಲು ಅವುಗಳ ನೀರು ಕಿತ್ತುಕೊಳ್ಳಬೇಕು. ಇದನ್ನು ಕಂಡುಹಿಡಿದ ಪುಣ್ಯಾತ್ಮ ಯಾರೋ, ಅವನು ಒಂದು ದಿನವೂ ಶೆಡ್ಡಿನೊಳಗೆ ನಿಂತು ಆ ಕೂಗು ಕೇಳಿರಲಿಕ್ಕಿಲ್ಲ. ಬೆಳಿಗ್ಗೆ ಎದ್ದ ಕೂಡಲೆ ನಳದ ಕಾಕ್ ಬಂದ್ ಮಾಡಿ, ಡ್ರಿಂಕರುಗಳಲ್ಲಿ ಉಳಿದ ನೀರು ಚೆಲ್ಲಿ, ಎರಡು ತಾಸು ಅವುಗಳನ್ನು ಹಾಗೆಯೇ ಬಿಡಬೇಕು. ಗಂಟಲು ಒಣಗಿ ಹಪಹಪಿಸುವಾಗ ಲಸಿಕೆ ಬೆರೆಸಿದ ನೀರು ಇಟ್ಟರೆ ಒಂದನ್ನೊಂದು ತುಳಿದುಕೊಂಡು ಬಂದು ಕುಡಿಯುತ್ತವೆ. ಇಟ್ಟ ನೀರು ಮತ್ತೆರಡು ತಾಸಿನೊಳಗೆ ತಳ ಕಾಣಬೇಕು. ತಡವಾದರೆ ಅದರಲ್ಲಿರುವ ಲಸಿಕೆಯ ಜೀವ ಹೋಗುತ್ತದೆ, ಆಮೇಲೆ ಕುಡಿಸಿದ್ದು ಬರೀ ಹಾಲುಪುಡಿಯ ನೀರು.

ಮೇಡ್ಲೇರಿಯ ಪುಷ್ಪಾವತಿಗೆ ಇದೆಲ್ಲ ಬಾಯಿಪಾಠ. ಊರ ಹೊರಗೆ, ಹೊಳೆಯ ಕಡೆ ಹೋಗುವ ಗದ್ದೆದಾರಿಯ ಪಕ್ಕ, ತಾಯಿ ಹೊಳಿಯವ್ವನ ಹೆಸರಿನಲ್ಲಿದ್ದ ಹದಿನೈದು ಗುಂಟೆ ಜಾಗದಲ್ಲಿ ಅವಳ ಕೋಳಿ ಶೆಡ್ಡು. ಒಂದು ಬ್ಯಾಚಿಗೆ ಸಾವಿರದೈನೂರು ಮರಿ. ಮರಿ, ಫೀಡು, ಔಷಧ ಕಂಪನಿಯವು. ಶೆಡ್ಡು, ನೀರು, ಕರೆಂಟು, ಮೈಮುರಿಯುವ ಕೆಲಸ ಇವಳವು. ಶೆಡ್ಡಿಗೆ ಅಂಟಿಕೊಂಡೇ ತಾಯಿ ಮಗಳು ಇಬ್ಬರೇ ಇರುವ ಎರಡು ಖೋಲಿಯ ಮನೆ. ಊರವರು ಆ ದಾರಿಯಲ್ಲಿ ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು. ಪುಷ್ಪಾವತಿಗೆ ಕೋಳಿ ಹಿಕ್ಕೆಯ ವಾಸನೆ ಮೂಗಿಗೇ ನಾಟುತ್ತಿರಲಿಲ್ಲ, ಯಾಕೆಂದರೆ ಅವಳು ಅದಕ್ಕಿಂತ ಮೊದಲು ಬ್ಯಾಡಗಿಯಲ್ಲಿದ್ದಳು.

ಗಂಡ ತೀರಿಕೊಂಡ ಮೇಲೆ ಏಳು ವರ್ಷ ಅವಳು ಬ್ಯಾಡಗಿಯ ಅಂಗಳಗಳಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸಿದ್ದಳು. ಕೈಯ ಉರಿ ಒಂದು ವಾರಕ್ಕೆ ರೂಢಿಯಾಗುತ್ತದೆ, ಎದೆಗೆ ಮಾತ್ರ ಘಾಟು ಎಂದೂ ರೂಢಿಯಾಗುವುದಿಲ್ಲ. ಮೂರನೆಯ ವರ್ಷಕ್ಕೆ ಕೆಮ್ಮು ಹತ್ತಿತು, ಐದನೆಯ ವರ್ಷಕ್ಕೆ ನಾಲ್ಕು ಮೆಟ್ಟಿಲಿಗೆ ಏದುಸಿರು ಬಂತು, ಏಳನೆಯ ವರ್ಷ ಒಂದು ದಿನ ಚೀಲದ ಮೇಲೆಯೇ ಕುಸಿದಳು. ಹಾವೇರಿಯಲ್ಲಿ ಎದೆಯ ಫೋಟೋ ನೋಡಿದ ಡಾಕ್ಟರು, "ಇನ್ನೊಂದು ಸುಗ್ಗಿ ಆ ಧೂಳಿನಾಗ ಕುಂತ್ರ ಆಮ್ಯಾಲೆ ನನ್ನ ಕಡೆ ಬರೂದ ಬ್ಯಾಡವಾ ತಂಗಿ, ನನ್ನ ಕೈಯಾಗ ಏನೂ ಉಳಿಯೂದಿಲ್ಲ" ಎಂದಿದ್ದರು. ಶೆಡ್ಡು ಇದ್ದರೆ ಉಸಿರು, ಇಲ್ಲದಿದ್ದರೆ ಮತ್ತೆ ಬ್ಯಾಡಗಿ. ಓದು ಬರಹ ಇಲ್ಲದ, ಬೇರೆ ಕಸುಬು ಬಾರದ ಮೂವತ್ತೆಂಟರ ಹೆಂಗಸಿಗೆ ಮೂರನೆಯ ದಾರಿ ಯಾವುದೂ ಇರಲಿಲ್ಲ.

ಅವಳ ಮೊದಲ ಬ್ಯಾಚಿನಲ್ಲಿ ಮೂರನೆಯ ಒಂದು ಪಾಲು ಮೇ ತಿಂಗಳ ಝಳಕ್ಕೆ ಸತ್ತಿತ್ತು. ಕಂಪನಿಯ ಸೂಪರ್‌ವೈಜರ್ ಚೇತನಕುಮಾರ ರಾಣೇಬೆನ್ನೂರಿನ ಹುಡುಗ, ಕೆಟ್ಟವನೇನಲ್ಲ. ಆಗಲೇ ಹೇಳಿ ಹೋಗಿದ್ದ: "ಅಕ್ಕಾರ, ಈ ಸಲ ಬಿಸಿಲಿಗೆ ಹೋದುವು ಅಂತ ಬರದೇನಿ. ಇನ್ನೊಮ್ಮೆ ನಿಮ್ಮ ತಪ್ಪಿನಿಂದ ಸತ್ತುವು ಅಂದ್ರ ಕಂಪನಿ ನಿಮ್ಮ ಶೆಡ್ಡಿಗೆ ಮರಿ ಕಳಸೂದಿಲ್ಲ. ನಾ ಕೈಮುಗದು ಕೇಳಿದ್ರೂ ಕಳಸೂದಿಲ್ಲ."

ಮುಂದಿನ ಬ್ಯಾಚುಗಳನ್ನು ಅವಳು ಮೈಯೆಲ್ಲ ಕಣ್ಣಾಗಿ ಸಾಕಿದಳು. ಈಗ ಇದ್ದದ್ದು ಶಿವರಾತ್ರಿಗೆ ಎರಡು ವಾರ ಮೊದಲು ಬಂದ ಮರಿಗಳು. ಇಪ್ಪತ್ತೊಂದನೆಯ ದಿನ, ಕುತ್ತಿಗೆ ತಿರುಚಿಸಿ ಕೊಲ್ಲುವ ಕೊಕ್ಕರೆ ರೋಗದ ಲಸಿಕೆ ನೀರಿನಲ್ಲಿ ಕುಡಿಸುವ ದಿನ. ಆರು ಗಂಟೆಗೆ ಅವಳು ಕಾಕ್ ತಿರುಗಿಸಿ ನೀರು ಬಂದ್ ಮಾಡಿದಳು, ಡ್ರಿಂಕರುಗಳನ್ನು ಒಂದೊಂದಾಗಿ ಚೆಲ್ಲಿ ಒರೆಸಿದಳು, ಕೊಡ ತೆಗೆದುಕೊಂಡು ಹೊರಟಳು. ನಳದ ನೀರಿನಲ್ಲಿ ಬ್ಲೀಚಿಂಗ್ ಪೌಡರ್ ಇರುತ್ತದೆ, ಅದು ರೋಗದ ಹುಳವನ್ನೂ ಕೊಲ್ಲುತ್ತದೆ, ಲಸಿಕೆಯನ್ನೂ ಕೊಲ್ಲುತ್ತದೆ. ಅದಕ್ಕೆ ಲಸಿಕೆಯ ದಿನ ವಿರೂಪಾಕ್ಷಪ್ಪನ ಹೊಲದ ಬೋರಿನಿಂದ ನಾಲ್ಕು ಕೊಡ ನೀರು ಹೊತ್ತು ತರುವುದು ಅವಳ ಪದ್ಧತಿ. ಹೊಲ ಅರ್ಧ ಮೈಲಿ. ಅವಳ ಎದೆಗೆ ಒಂದು ಸಲಕ್ಕೆ ಒಂದೇ ಕೊಡ, ನಡುವೆ ಎರಡು ಕಡೆ ಕೂತು ದಣಿವಾರಿಸಿಕೊಳ್ಳಬೇಕು.

ಲಸಿಕೆ ತರುವವನು ಚಮನಸಾಬ. ಸುತ್ತಲಿನ ಮೂವತ್ತು ಶೆಡ್ಡುಗಳಿಗೆ ರಾಣೇಬೆನ್ನೂರಿನಿಂದ ಬರಫದ ಪೆಟ್ಟಿಗೆಯಲ್ಲಿ ಲಸಿಕೆ ತಂದು ಬೆರೆಸಿಕೊಟ್ಟು ಹೋಗುವ ಕೆಲಸ ಅವನದು. ಐವತ್ತೆಂಟು ವರ್ಷ, ಬಿಳಿ ಗಡ್ಡ, ಕೋಳಿಯ ಕಣ್ಣು ನೋಡಿಯೇ ಜ್ವರ ಹೇಳುವಷ್ಟು ಪಳಗಿದ ಕೈ. ಬಂದಾಗಲೆಲ್ಲ ಹೊಳಿಯವ್ವನನ್ನು ಕೆಣಕದೆ ಹೋದವನಲ್ಲ. ಸಾಮಾನ್ಯವಾಗಿ ಏಳೂವರೆಗೆ ಅವನ ಗಾಡಿಯ ಸಪ್ಪಳ ಕೇಳಬೇಕು. ಅಂದು ಎಂಟಾಯಿತು, ಎಂಟೂವರೆಯಾಯಿತು. ನಾಲ್ಕನೆಯ ಕೊಡ ಹೊತ್ತುಕೊಂಡು ಪುಷ್ಪಾವತಿ ಬರುವುದಕ್ಕೂ ಅವನು ಗಾಡಿ ನಿಲ್ಲಿಸುವುದಕ್ಕೂ ಸರಿಹೋಯಿತು.

"ಪಂಕ್ಚರ್ ಆತು ಪುಷ್ಪಾ, ನಡುದಾರ್ಯಾಗ. ಪೆಟಗಿ ಮುಚ್ಚಳ ಮಾತ್ರ ತೆಗದಿಲ್ಲ, ನೋಡ ಬೇಕಾರ" ಎಂದು ಚಮನಸಾಬ ಪೆಟ್ಟಿಗೆ ಬಿಚ್ಚಿದ. ಬರಫ ಕಂಠಮಟ್ಟ ಗಟ್ಟಿಯಾಗಿಯೇ ಇತ್ತು. ಪುಷ್ಪಾವತಿ ಸುಡುತ್ತಿದ್ದ ಅಂಗೈಯನ್ನು ಅದರ ಮೇಲೆ ಒಂದು ಗಳಿಗೆ ಇಟ್ಟು ತಂಪು ಮಾಡಿಕೊಂಡಳು.

ಹೊಳಿಯವ್ವ ಶೆಡ್ಡಿನ ಬಾಗಿಲಲ್ಲಿ ಕೂತಿದ್ದಳು. ಚಮನಸಾಬ, "ಯಾಕ ಯವ್ವಾ, ಇವತ್ತ ಬೈಯಾಕತ್ತಿಲ್ಲಲ್ಲ, ಎರಡು ತಾಸಂದು ಮೂರು ತಾಸು ಕಾಯಿಸೇನಿ" ಎಂದ. ಮುದುಕಿ, "ನಿನ್ನ ಬೈದ್ರ ನನ್ನ ಬಾಯಿ ನೋಯ್ತೈತಿ, ಹೋಗು, ನಿನ್ನ ಕೆಲಸ ಮಾಡು" ಎಂದು ಅತ್ತ ಮುಖ ತಿರುಗಿಸಿದಳು. ಕೋಳಿಗಳ ಕೂಗು ಅಂದು ಅಷ್ಟು ಜೋರಿರಲಿಲ್ಲ. ಅದನ್ನು ಪುಷ್ಪಾವತಿ, ಚಮನಸಾಬ ಇಬ್ಬರೂ ಗಮನಿಸಲಿಲ್ಲವೋ, ಗಮನಿಸಿಯೂ ತಡವಾಯಿತೆಂಬ ಗಡಿಬಿಡಿಯಲ್ಲಿ ಬಿಟ್ಟರೋ, ಈಗ ಹೇಳುವುದು ಕಷ್ಟ.

ಚಮನಸಾಬ ಲಸಿಕೆಯ ಜೀವ ಕಾಯುವ ಹಾಲುಪುಡಿಯನ್ನು ನೀರಿಗೆ ಕಲಸಿ, ನೀಲಿ ಗುಳಿಗೆ ಹಾಕಿ, ಲಸಿಕೆಯ ಬಾಟಲಿಯ ಮುಚ್ಚಳವನ್ನು ನೀರೊಳಗೇ ಮುಳುಗಿಸಿ ಬಿಚ್ಚಿದ. ನೀಲಿ ಬಣ್ಣ ಯಾಕೆಂದರೆ, ಲಸಿಕೆ ಕುಡಿದ ಕೋಳಿಯ ನಾಲಗೆ ನೀಲಿಯಾಗುತ್ತದೆ, ಕುಡಿಯದ್ದು ಗೊತ್ತಾಗುತ್ತದೆ. ಇಬ್ಬರೂ ಸೇರಿ ಡ್ರಿಂಕರುಗಳಿಗೆ ಸುರಿದರು. ಅವನಿಗೆ ಇನ್ನೂ ಎರಡು ಶೆಡ್ಡು ಬಾಕಿ ಇದ್ದವು. "ಎಲ್ಲಾ ಖಾಲಿ ಆದ ಮ್ಯಾಲೆ ಫೋಟೋ ಕಳಸವ್ವಾ" ಎಂದು ಹೇಳಿ ಗಾಡಿ ಹತ್ತಿದ.

ಕೋಳಿಗಳು ಬಂದವು, ಕೊಕ್ಕು ಅದ್ದಿದವು, ಹಿಂದೆ ಸರಿದವು. ತುಳಿದಾಟ ಇಲ್ಲ, ನೂಕಾಟ ಇಲ್ಲ. ಒಂದು ತಾಸಾದರೂ ನೀಲಿ ನೀರು ಅರ್ಧಕ್ಕೂ ಇಳಿಯಲಿಲ್ಲ. ಪುಷ್ಪಾವತಿ ಹತ್ತು ಕೋಳಿ ಹಿಡಿದು ಬಾಯಿ ಬಿಡಿಸಿ ನೋಡಿದಳು. ನಾಲ್ಕರ ನಾಲಗೆ ನೀಲಿ, ಆರರದು ಇಲ್ಲ. ಹನ್ನೊಂದನೆಯದನ್ನು ಹಿಡಿಯುವ ಧೈರ್ಯ ಬರಲಿಲ್ಲ. ಹಾಲುಪುಡಿ ಹಳೆಯದಿರಬೇಕು, ವಾಸನೆಗೆ ಒಲ್ಲೆ ಎನ್ನುತ್ತಿವೆ, ತಡವಾಗಿಯಾದರೂ ಕುಡಿದಾವು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಚಮನಸಾಬನಿಗೆ ಫೋನು ಮಾಡಬೇಕೆಂದು ಕೈ ಹೋಯಿತು. ಮಾಡಿದರೆ ಅವನು ಚೇತನಕುಮಾರನಿಗೆ ಹೇಳಬೇಕಾಗುತ್ತದೆ, ಚೇತನಕುಮಾರ ಬರೆದುಕೊಳ್ಳುತ್ತಾನೆ, ಬರೆದುಕೊಂಡದ್ದು ಮೇಲೆ ಹೋಗುತ್ತದೆ. ಕೈ ವಾಪಸು ಬಂತು.

ಹನ್ನೆರಡರ ಸುಮಾರಿಗೆ ಅವಳು ಉಳಿದ ನೀಲಿ ನೀರನ್ನು ಬಕೆಟ್ಟಿಗೆ ಸುರಿದು ಹಿಂದಿನ ಕಾಲುವೆಗೆ ಚೆಲ್ಲಿದಳು. ಖಾಲಿ ಡ್ರಿಂಕರುಗಳ ಫೋಟೋ ತೆಗೆದು ಕಳಿಸಿದಳು. ಎಷ್ಟು ಹೊತ್ತಿನಲ್ಲಿ ಖಾಲಿಯಾಯಿತು ಎಂದು ಚೇತನಕುಮಾರ ಫೋನಿನಲ್ಲಿ ಕೇಳಿದಾಗ, "ಒಂದೂವರಿ ತಾಸಿನಾಗ ಆತ್ರಿ" ಎಂದಳು. ಅವನು ಅದನ್ನೇ ಬ್ಯಾಚಿನ ಲೆಕ್ಕದ ಕಾರ್ಡಿನಲ್ಲಿ ಬರೆದ. ಮಾಡಿದ್ದು ಇಷ್ಟೇ. ಇಂಥ ಸುಳ್ಳನ್ನು ಶೆಡ್ಡು ಇಟ್ಟವರೆಲ್ಲ ಒಂದಲ್ಲ ಒಂದು ಸಲ ಹೇಳಿರುತ್ತಾರೆ, ಬಹಳ ಸಲ ಏನೂ ಆಗುವುದಿಲ್ಲ.

ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೆಯ ದಿನ ಮೂಲೆಯಲ್ಲಿ ಒಂದು ಕೋಳಿ ಕುತ್ತಿಗೆ ತಿರುಚಿಕೊಂಡು ಸುತ್ತತೊಡಗಿತು. ಮರುದಿನ ಹದಿನೆಂಟು ಸತ್ತವು. ಅದರ ಮರುದಿನ ತೊಂಬತ್ತು. ಆಮೇಲೆ ಪುಷ್ಪಾವತಿ ಎಣಿಸುವುದನ್ನು ಬಿಟ್ಟು ಬುಟ್ಟಿಯ ಲೆಕ್ಕ ಹಿಡಿದಳು. ಹಸಿರು ಹಿಕ್ಕೆ, ಬಾಯಿ ತೆರೆದು ಗೊರಗೊರ ಉಸಿರು. ಆ ಉಸಿರಾಟ ಅವಳಿಗೆ ಪರಿಚಯದ್ದು. ಏಳನೆಯ ವರ್ಷ ತಾನೂ ಹೀಗೆಯೇ ಬಾಯಿಂದ ಗಾಳಿ ಎಳೆದುಕೊಂಡವಳು. ಅವಳೇ ಗುಂಡಿ ತೋಡಿದಳು, ಅವಳೇ ಸುಣ್ಣ ಸುರಿದಳು. ಹೊಳಿಯವ್ವ ಪ್ರತಿ ಬುಟ್ಟಿಯ ಹಿಂದೆ ಗುಂಡಿಯ ತನಕ ನಡೆದು ಬಂದು, ಸೆರಗು ಬಾಯಿಗೆ ಒತ್ತಿಕೊಂಡು ನಿಲ್ಲುತ್ತಿದ್ದಳು. ಆರು ದಿನದಲ್ಲಿ ಶೆಡ್ಡಿನಲ್ಲಿ ಇನ್ನೂರು ಕೋಳಿಯೂ ಉಳಿಯಲಿಲ್ಲ.

ಕಂಪನಿಯ ಡಾಕ್ಟರು ಎರಡು ಕೋಳಿ ಕೊಯ್ದು ನೋಡಿದರು. ಕೊಕ್ಕರೆ ರೋಗವೇ, ಲಸಿಕೆ ಹತ್ತಿಲ್ಲ ಎಂದು ಬರೆದುಕೊಟ್ಟು ಹೋದರು. ಲಸಿಕೆ ಹತ್ತದಿರಲು ಎರಡೇ ಕಾರಣ: ದಾರಿಯಲ್ಲಿ ಬರಫ ಕರಗಿ ಕೆಟ್ಟಿರಬೇಕು, ಇಲ್ಲವೇ ಕೋಳಿಗಳು ಹೊತ್ತಿಗೆ ಸರಿಯಾಗಿ ಕುಡಿದಿರಲಿಕ್ಕಿಲ್ಲ. ಮರುದಿನ ಚೇತನಕುಮಾರ ಕಾರ್ಡು ಹಿಡಿದುಕೊಂಡು ಬಂದ, ಜೊತೆಗೆ ಚಮನಸಾಬನನ್ನೂ ಕರೆತಂದ. ಹೊಳಿಯವ್ವ ಸುಣ್ಣ ತರಲು ಊರೊಳಗೆ ಹೋಗಿದ್ದಳು. ಉಳಿದವನ್ನು ಕಂಪನಿ ಒಯ್ದು ಖಾಲಿಯಾದ ಶೆಡ್ಡಿನ ನಡುವೆ ಮೂವರೂ ನಿಂತರು.

"ಕಾರ್ಡಿನಾಗ ಒಂದೂವರಿ ತಾಸು ಅಂತ ಐತಿ. ಫೋಟೋನೂ ಐತಿ. ಅಂದ್ರ ಅಕ್ಕಾರು ಸರಿಯಾಗೇ ಕುಡಿಸ್ಯಾರ" ಎಂದ ಚೇತನಕುಮಾರ. "ಆವತ್ತ ನೀವು ಒಂದು ತಾಸು ಲೇಟ್ ಬಂದೀರಿ, ಚಮನಸಾಬರ."

"ಬಂದೇನಿ. ನಾನ ಹೇಳೇನಲ್ಲ, ಯಾರೂ ಹಿಡದು ಕೇಳಿಲ್ಲ. ಪೆಟಗಿ ಮುಚ್ಚಳ ಇಲ್ಲೇ ತೆಗದದ್ದು. ಬರಫ ತುಂಬ ಇತ್ತು. ಪುಷ್ಪಾನ ನೋಡ್ಯಾಳ" ಎಂದು ಚಮನಸಾಬ ಅವಳ ಕಡೆ ತಿರುಗಿದ. ಅವನ ಮುಖದಲ್ಲಿ ಅಂಜಿಕೆ ಇರಲಿಲ್ಲ. ಸಾಕ್ಷಿ ಎದುರಿಗೇ ಇದ್ದಾಳೆ, ಒಂದು ಮಾತಿನಲ್ಲಿ ಮುಗಿಯುತ್ತದೆ ಎಂದುಕೊಂಡವನ ನಿರಾಳ ಇತ್ತು.

ಪುಷ್ಪಾವತಿಯ ಅಂಗೈಗೆ ಆ ತಂಪು ಇನ್ನೂ ನೆನಪಿತ್ತು. ಬರಫ ಇತ್ತು ಎಂದರೆ ತಪ್ಪು ಕುಡಿಸಿದವಳದು. ಕುಡಿಸಿದವಳ ತಪ್ಪಾದರೆ ಮರಿ ಇಲ್ಲ, ಶೆಡ್ಡು ಇಲ್ಲ, ಬ್ಯಾಡಗಿ. ಎದೆಯಲ್ಲಿ ಕೆಮ್ಮು ಎದ್ದು ಬಂತು. ಕೆಮ್ಮಿ ಮುಗಿಸುವಷ್ಟು ಹೊತ್ತು ಅವಳಿಗೆ ಸಮಯ ಸಿಕ್ಕಿತು, ಆ ಸಮಯವನ್ನು ಒಳ್ಳೆಯದಕ್ಕೆ ಬಳಸಲಿಲ್ಲ.

"ನಾ ಅಷ್ಟು ನೋಡಲಿಲ್ರಿ" ಎಂದಳು.

ಚಮನಸಾಬ ಅವಳನ್ನೇ ನೋಡಿದ, ಆಮೇಲೆ ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡ. ಮೂವತ್ತು ವರ್ಷದ ಕೆಲಸ ಆ ಐದು ನಿಮಿಷದಲ್ಲಿ ಹೋಯಿತು. ಬರಫದ ಪೆಟ್ಟಿಗೆ ಕಂಪನಿಯದು, ಅದನ್ನು ಚೇತನಕುಮಾರನ ಗಾಡಿಗೆ ಅವನೇ ಕಟ್ಟಿಕೊಟ್ಟ. ಹೊರಡುವಾಗ ಚೇತನಕುಮಾರ, "ನಿಮ್ಮದೇನೂ ತಪ್ಪಿಲ್ಲ ಅಕ್ಕಾರ, ಶೆಡ್ಡಿಗೆ ಸುಣ್ಣಾ ಹೊಡದು ಔಷಧ ಹೊಡೀರಿ, ಮುಂದಿನ ತಿಂಗಳ ಮರಿ ಬರ್ತಾವ" ಎಂದು ಸಮಾಧಾನ ಹೇಳಿದ. ಅವಳು ತಲೆಯಾಡಿಸಿದಳು. ಸುಖವೆನಿಸಿತು ಎಂಬುದೇ ನಾಚಿಕೆಯ ಮಾತು, ಆದರೆ ಆ ಗಳಿಗೆ ಸುಖವೇ ಎನಿಸಿತು.

ಆ ಸುಖ ಸಂಜೆಯ ತನಕವೂ ಉಳಿಯಲಿಲ್ಲ. ಹೊತ್ತು ಮುಳುಗುವ ಮೊದಲು ತಾಯಿ ಮಗಳು ಕಟ್ಟೆಯ ಮೇಲೆ ಕೂತು ಡ್ರಿಂಕರುಗಳನ್ನು ತಿಕ್ಕಿ ತೊಳೆಯುತ್ತಿದ್ದರು. ಹೊಸ ಮರಿ ಬರುತ್ತವೆ ಎಂದು ಕೇಳಿ ಹೊಳಿಯವ್ವನಿಗೆ ಹೋದ ಜೀವ ಬಂದಿತ್ತು.

"ಪಾಪ, ಹೋದುವು. ಏನಾರ ಆಗಲಿ, ನೀರಡಿಸಿ ಅಂತೂ ಸಾಯಲಿಲ್ಲ" ಎಂದಳು ಮುದುಕಿ. "ಆ ದಿನ ಚಮನ ಬರಲಿಲ್ಲ, ನೀನೂ ಬರವಲ್ಲಿ. ಬಾಯಿ ಕಳಕೊಂಡು ನನ್ನ ಕಾಲಾಗ ಬಂದು ಒದರಾಕತ್ತಿದ್ದುವು. ನನ್ನ ಕೈಲೆ ಆಗಲಿಲ್ಲ. ಕಾಕ್ ಬಿಟ್ಟೆ. ಹೊಟ್ಟಿತುಂಬ ಕುಡದುವು. ನೀ ಬರೂದ್ರಾಗ ಮತ್ತ ಬಂದ್ ಮಾಡಿ ಉಳದದ್ದು ಚೆಲ್ಲಿದೆ, ನೀ ಬೈತಿ ಅಂತ."

ಪುಷ್ಪಾವತಿಯ ಕೈಯಲ್ಲಿದ್ದ ತೆಂಗಿನ ನಾರು ನಿಂತಿತು. ಹೊಟ್ಟೆತುಂಬ ಕುಡಿದ ಕೋಳಿ ನೀಲಿ ನೀರು ಯಾಕೆ ಮುಟ್ಟುತ್ತದೆ? ಹಾಲುಪುಡಿ ಹಳೆಯದಿರಲಿಲ್ಲ, ವಾಸನೆ ಇರಲಿಲ್ಲ. ಅವಳಿಗೆ ಮೊದಲು ಬಂದದ್ದು ಸಿಟ್ಟು. ಬಾಯಿ ತೆರೆದೇಬಿಟ್ಟಿದ್ದಳು, ಅಷ್ಟರಲ್ಲಿ ಹೊಳಿಯವ್ವ ಎಂದೂ ಹೇಳದ ಮಾತೊಂದನ್ನು ತನ್ನಷ್ಟಕ್ಕೆ ಹೇಳತೊಡಗಿದಳು.

"ನಿನಕಿಂತ ಮೊದಲ ಒಂದು ಕೂಸಿತ್ತು, ನಿನಗ ಗೊತ್ತಿಲ್ಲ. ಮೂರು ವರ್ಷದ್ದು. ವಾಂತಿ ಭೇದಿ ಹತ್ತಿ ಮಲಕ್ಕೊಂಡಿತ್ತು. ನೀರು ಕೊಟ್ರ ಇನ್ನಷ್ಟು ಹೋಗ್ತೈತಿ, ಒಂದು ಹನಿ ಕೊಡಬ್ಯಾಡ ಅಂತ ನಮ್ಮ ಅತ್ತಿ ಹೇಳಿದ್ರು, ಓಣ್ಯಾಗಿನವರೂ ಹೇಳಿದ್ರು. ನಾ ಕೊಡಲಿಲ್ಲ. ಯವ್ವಾ ನೀರು, ಯವ್ವಾ ನೀರು ಅಂತಿತ್ತು. ತೆವಳಿಕೊಂಡು ಹೋಗಿ ನೀರಿನ ಹರಿವಿ ಮೈಗೆ ಬೆವತ ನೀರು ನೆಕ್ಕಾಕತ್ತಿತ್ತು. ನಾ ಎತಗೊಂಡು ಬಂದೆ, ಅದನ್ನೂ ನೆಕ್ಕಗೊಡಲಿಲ್ಲ. ಸಂಜಿಗೆ ಹೋತು. ಆಮ್ಯಾಲೆ ಸರ್ಕಾರಿ ನರ್ಸಬಾಯಿ ಬಂದು ಅಂದ್ಲು, ನೀರು ಕೊಟ್ಟಿದ್ರ ಉಳಿತಿತ್ತು, ಉಪ್ಪು ಸಕ್ಕರಿ ಹಾಕಿ ಕೊಟ್ಟಿದ್ರ ಸಾಕಾಗಿತ್ತು ಅಂತ." ಹೊಳಿಯವ್ವ ಡ್ರಿಂಕರಿನ ಒಳಗೆ ಬೆರಳು ಹಾಕಿ ಜಿಡ್ಡು ಕೆರೆದಳು. "ಅವತ್ತಿನಿಂದ ನೀರು ಕೇಳಿದ್ದಕ್ಕ ನಾ ಇಲ್ಲ ಅಂದಿಲ್ಲ."

ಪುಷ್ಪಾವತಿ ತೆರೆದ ಬಾಯಿ ಮುಚ್ಚಿದಳು. ಆ ಸಂಜೆ ಅವಳಿಗೆ ಅರ್ಥವಾದದ್ದು ಇಷ್ಟು: ಚಮನಸಾಬನ ತಪ್ಪಿಲ್ಲ, ಇದು ತನಗೆ ಮೊದಲೇ ಗೊತ್ತಿತ್ತು. ತಪ್ಪು ತನ್ನ ಮನೆಯದು, ಇದು ಈಗ ಗೊತ್ತಾಯಿತು. ಅದನ್ನು ಬಾಯಿ ಬಿಟ್ಟು ಹೇಳಿದರೆ ಶೆಡ್ಡು ಹೋಗುತ್ತದೆ, ಮುದುಕಿಗೂ ತಿಳಿಯುತ್ತದೆ. ನಲವತ್ತು ವರ್ಷ ಒಂದು ಜೀವದ ಭಾರ ಹೊತ್ತವಳ ತಲೆಯ ಮೇಲೆ ಇನ್ನು ಸಾವಿರದ ಮುನ್ನೂರು ಜೀವ ಹೇರುವುದು ಹೇಗೆ?

ಹತ್ತು ದಿನ ಅವಳು ಸುಣ್ಣ ಹೊಡೆದಳು, ಭತ್ತದ ಹೊಟ್ಟು ಹರವಿದಳು, ಪರದೆ ತೊಳೆದಳು. ಹನ್ನೊಂದನೆಯ ದಿನ ತಡೆಯಲಾರದೆ, ತಾಯಿಯ ಕಿವಿಗೆ ಬೀಳದಂತೆ ಗದ್ದೆಯ ಬದುವಿನ ಮೇಲೆ ನಿಂತು ಚೇತನಕುಮಾರನಿಗೆ ಫೋನು ಮಾಡಿದಳು. ನೀರು ಉಳಿದಿತ್ತು, ಚೆಲ್ಲಿ ಫೋಟೋ ಕಳಿಸಿದೆ, ಬರಫ ತುಂಬ ಇತ್ತು ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ತಾಯಿಯ ಸುದ್ದಿ ಮಾತ್ರ ಎತ್ತಲಿಲ್ಲ.

"ಅಕ್ಕಾರ, ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ" ಎಂದ ಚೇತನಕುಮಾರ. "ರಿಪೋರ್ಟ್ ಮ್ಯಾಲೆ ಹೋಗೇತಿ. ಕೆಳಗ ನನ್ನ ಸಹಿ ಐತಿ. ಚಮನಸಾಬರ ಜಾಗಾಕ್ಕ ಬ್ಯಾರೆಯವರು ಬಂದಾರ. ಈಗ ನೀವು ಖರೇ ಹೇಳಿದ್ರ ನಿಮ್ಮ ಶೆಡ್ಡು ಹೋಗ್ತೈತಿ, ನನ್ನ ನೌಕರಿ ಹೋಗ್ತೈತಿ. ಅವರಿಗೆ ಅವರ ಕೆಲಸ ತಿರುಗಿ ಬರೂದಿಲ್ಲ. ಯಾರಿಗೆ ಬೇಕಾಗೇತಿ ಹೇಳ್ರಿ."

ಸತ್ಯ ಹೇಳುವುದಕ್ಕೆ ಧೈರ್ಯ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಹೇಳಿದ ಸತ್ಯವನ್ನು ಯಾರೂ ತೆಗೆದುಕೊಳ್ಳದಿದ್ದರೆ ಅದನ್ನು ಎಲ್ಲಿ ಇಡಬೇಕು ಎಂದು ಯಾರೂ ಹೇಳಿಕೊಟ್ಟಿಲ್ಲ. ಪುಷ್ಪಾವತಿ ಫೋನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದಳು.

ಯುಗಾದಿ ಕಳೆದು ಎರಡು ವಾರಕ್ಕೆ ಹೊಸ ಮರಿ ಬಂದವು. ಹೊಳಿಯವ್ವ ಒಂದೊಂದನ್ನೂ ಅಂಗೈಯಲ್ಲಿ ಹಿಡಿದು ಕೊಕ್ಕನ್ನು ನೀರಿಗೆ ತಾಗಿಸಿ ಬಿಟ್ಟಳು. ಎಳೆಯ ಮರಿಗೆ ನೀರು ತೋರಿಸುವ ಕೆಲಸ ಯಾವಾಗಲೂ ಅವಳದೇ. ದಿನಗಳು ಓಡಿದವು. ಇಪ್ಪತ್ತೊಂದನೆಯ ದಿನ ಹತ್ತಿರ ಬಂದಂತೆ ಪುಷ್ಪಾವತಿ ದಿನ ಎಣಿಸತೊಡಗಿದಳು. ತಾಯಿಯನ್ನು ಅಂದು ಎಲ್ಲಿಗಾದರೂ ಕಳಿಸಿಬಿಡಬೇಕು.

"ಯವ್ವಾ, ನಾಳೆ ಶನಿವಾರ. ಕದರಮಂಡಲಗಿಗೆ ಹೋಗಿ ಹಣಮಪ್ಪಗ ಕಾಯಿ ಒಡಸ್ಕೊಂಡು ಬಾ. ಮುಂಜಾನೆದ್ದು ಬಸ್ಸಿಗೆ ಹತ್ತಸ್ತೀನಿ" ಎಂದಳು.

"ನಾಳೆ ನೀರು ಬಂದ್ ಮಾಡೂ ದಿನ ಅಲ್ಲೇನ? ನಾ ಎಲ್ಲೂ ಹೋಗೂದಿಲ್ಲವಾ. ನೀ ಬೋರಿಗೆ ಹೋದಾಗ ಅವುಗಳ ಕಡೆ ಯಾರು ನೋಡಬೇಕು" ಎಂದಳು ಹೊಳಿಯವ್ವ. ಮುಖದಲ್ಲಿ ಸಣ್ಣ ನಗು ಇತ್ತು. ಮಗಳಿಗೆ ಗೊತ್ತಿಲ್ಲದೆ ಒಳ್ಳೆಯದು ಮಾಡುವವರ ಕಳ್ಳ ನಗು.

ಆಗ ಪುಷ್ಪಾವತಿ ಹೇಳಿದಳು. ಹೇಳದೆ ಬೇರೆ ದಾರಿ ಇರಲಿಲ್ಲ. ಬೈಯಲಿಲ್ಲ, ಅಳಲಿಲ್ಲ, ಕೋಳಿಗೆ ಲಸಿಕೆ ಹೇಗೆ ಹತ್ತುತ್ತದೆ ಎಂಬಲ್ಲಿಂದ ಸುರುಮಾಡಿ, ಯಾಕೆ ನೀರು ಬಂದ್ ಮಾಡುತ್ತಾರೆ, ಹೊಟ್ಟೆತುಂಬಿದ್ದರೆ ಏನಾಗುತ್ತದೆ, ಅಂದು ಏನಾಯಿತು ಎಂದು ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಚಮನಸಾಬನ ಕೆಲಸ ಹೋದದ್ದನ್ನೂ ಹೇಳಿದಳು.

ಹೊಳಿಯವ್ವ ಶೆಡ್ಡಿನ ಕಡೆ ತಿರುಗಿ ನೋಡಿದಳು.

"ಅಂದ್ರ ಅವು ನಾ ಕೊಟ್ಟ ನೀರಿಗೆ ಸತ್ತುವು" ಎಂದಳು.

ಪುಷ್ಪಾವತಿ ಅವಳ ಪಕ್ಕಕ್ಕೆ ಸರಿದು ಕೂತಳು.

"ಆಗ ಕೊಡಲಿಲ್ಲ, ಅದು ಹೋತು. ಈಗ ಕೊಟ್ಟೆ, ಇವು ಹೋದುವು. ಯಾವಾಗ ಕೊಡಬೇಕು, ಯಾವಾಗ ಕೊಡಬಾರದು ಅಂತ ನನಗ ಹ್ಯಾಂಗ ತಿಳೀಬೇಕವ್ವಾ?"

ಮರುದಿನ ಮುಂಜಾನೆ ಕಾಕ್ ಬಂದ್ ಆದ ಕೂಡಲೆ ಹೊಳಿಯವ್ವ ತಾನಾಗಿಯೇ ಒಳಗಿನ ಖೋಲಿಗೆ ಹೋಗಿ, ಎರಡೂ ಕಿವಿಗೆ ಸೆರಗು ಒತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಳು. ಹೊಸದಾಗಿ ಬಂದ ಲಸಿಕೆಯವನು ಹೊತ್ತಿಗೆ ಸರಿಯಾಗಿ ಬಂದ. ಕೋಳಿಗಳು ತುಳಿದಾಡಿ ಕುಡಿದವು. ಒಂದು ತಾಸು ಹತ್ತು ನಿಮಿಷಕ್ಕೆ ಡ್ರಿಂಕರುಗಳ ತಳ ಕಂಡಿತು. ಪುಷ್ಪಾವತಿ ಐವತ್ತು ಕೋಳಿಗಳ ಬಾಯಿ ಬಿಡಿಸಿದಳು, ಐವತ್ತೂ ನೀಲಿ. ಬ್ಯಾಚು ಉಳಿಯಿತು. ತೂಕ ಚೆನ್ನಾಗಿ ಬಂತು ಎಂದು ಚೇತನಕುಮಾರ ಹೊಗಳಿದ.

ಹೊಳಿಯವ್ವ ಮಾತ್ರ ಅಂದಿನಿಂದ ಬೇರೆ ಹೆಂಗಸಾದಳು. ಶೆಡ್ಡಿನ ಒಳಗೆ ಕಾಲಿಡಲಿಲ್ಲ. ಬಾಗಿಲಿಗೆ ಬಂದ ನಾಯಿಗೆ ರೊಟ್ಟಿಯ ತುಣುಕು ಹಾಕುವ ಮೊದಲು, "ಪುಷ್ಪಾ, ಇದಕ್ಕ ಹಾಕ್ಲೇನ?" ಎನ್ನುತ್ತಿದ್ದಳು. ತುಳಸಿಗೆ ನೀರು ಹಾಕುವ ಮೊದಲು, "ಹಾಕ್ಲೇನ?" ಬೆಕ್ಕಿಗೆ ಹಾಲು, "ಕೊಡ್ಲೇನ?" ಮೊದಮೊದಲು ಪುಷ್ಪಾವತಿ, "ಹಾಕು ಯವ್ವಾ, ಅದನ್ನೇನ ಕೇಳ್ತಿ" ಎನ್ನುತ್ತಿದ್ದಳು. ಮುದುಕಿ ಮರುದಿನ ಮತ್ತೆ ಕೇಳುತ್ತಿದ್ದಳು. ಸಿಟ್ಟಿನಿಂದ ಕೇಳಿದ್ದರೆ, ಚುಚ್ಚಿ ಕೇಳಿದ್ದರೆ ಸಹಿಸಬಹುದಿತ್ತು. ಅವಳು ಖರೆಯೇ ತಿಳಿಯದೆ ಕೇಳುತ್ತಿದ್ದಳು.

ಮೇ ತಿಂಗಳ ನಡುವೆ, ಕೋಳಿ ಎತ್ತುವಳಿಯಾಗಿ ಶೆಡ್ಡು ಖಾಲಿ ಬಿದ್ದ ಒಂದು ಮಧ್ಯಾಹ್ನ, ಗದ್ದೆದಾರಿಯಲ್ಲಿ ಒಂದು ಸೈಕಲ್ಲು ಬಂತು. ಹಿಂದೆ ಮುಂದೆ ಫೀಡಿನ ಖಾಲಿ ಚೀಲಗಳ ಹೊರೆ. ಹೊರೆಯ ನಡುವೆ ಸಿಕ್ಕಿಕೊಂಡಂತೆ ತಳ್ಳಿಕೊಂಡು ಬಂದವನು ಚಮನಸಾಬ. ಶೆಡ್ಡು ಶೆಡ್ಡು ತಿರುಗಿ ಖಾಲಿ ಚೀಲ ಕೊಳ್ಳುವ ವ್ಯಾಪಾರ ಹಿಡಿದಿದ್ದ. ಕೋಳಿ ಶೆಡ್ಡುಗಳ ದಾರಿ ಬಿಟ್ಟರೆ ಬೇರೆ ದಾರಿ ಅವನಿಗೂ ಗೊತ್ತಿರಲಿಲ್ಲ. ಮೈ ಇಳಿದಿತ್ತು, ಗಡ್ಡ ಬೆಳೆದಿತ್ತು.

ಪುಷ್ಪಾವತಿ ಎದ್ದು ನಿಂತಳು. ಎರಡು ತಿಂಗಳಿಂದ ಇಟ್ಟುಕೊಂಡಿದ್ದ ಮಾತು ತಾನಾಗಿ ಹೊರಗೆ ಬಂತು.

"ಚಮನಣ್ಣಾ, ಆವತ್ತ ಬರಫ ಇತ್ತು."

ಚಮನಸಾಬ ಸೈಕಲ್ಲನ್ನು ಗೋಡೆಗೆ ಆನಿಸಿದ. "ಇತ್ತು ಅಂತ ನನಗ ಗೊತ್ತೈತಲ್ಲವಾ" ಎಂದ. "ನನಗ್ಯಾಕ ಹೇಳ್ತಿ."

ಅವನ ದನಿಯಲ್ಲಿ ಸಿಟ್ಟು ಹುಡುಕಿದಳು, ಸಿಗಲಿಲ್ಲ. ದಣಿವು ಮಾತ್ರ ಇತ್ತು. ಅವಳು ಮೂಲೆಯಲ್ಲಿ ಮಡಚಿಟ್ಟ ಚೀಲಗಳನ್ನು ತಂದು ಅವನ ಮುಂದೆ ಇಟ್ಟಳು. ಅವನು ಒಂದೊಂದನ್ನೂ ಕೊಡವಿ, ಹರಿದದ್ದನ್ನು ಬೇರೆ ಮಾಡಿ, ಹೊರೆಗೆ ಸೇರಿಸಿ ಕಟ್ಟಿದ. ಮೊದಲಿನ ಹಾಗೆ ಹೊಳಿಯವ್ವನನ್ನು ಕೆಣಕಲಿಲ್ಲ. ಹಗ್ಗದ ಗಂಟು ಬಿಗಿದು, ಬೆವರು ಒರೆಸಿಕೊಂಡು, ಕಟ್ಟೆಯ ಮೇಲೆ ಕೂತಿದ್ದ ಮುದುಕಿಯ ಕಡೆ ನೋಡಿದ.

"ಒಂದೀಟು ನೀರು ಕೊಡು ಯವ್ವಾ" ಎಂದ.

ಹೊಳಿಯವ್ವ ಒಳಗೆ ಹೋಗಿ ಹರಿವಿಯಿಂದ ಚೆರಗಿ ತುಂಬಿಕೊಂಡು ಬಂದಳು. ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟವಳು ನಿಂತಳು. ಚಮನಸಾಬ ಆಗಲೇ ಎರಡೂ ಕೈ ಮುಂದೆ ಚಾಚಿದ್ದ. ಮುದುಕಿ ಅವನ ಕೈಗಳನ್ನು ನೋಡಿದಳು, ಚೆರಗಿಯ ನೀರನ್ನು ನೋಡಿದಳು, ಆಮೇಲೆ ಮಗಳ ಕಡೆ ತಿರುಗಿದಳು.

"ಪುಷ್ಪಾ" ಎಂದಳು, "ಇವಗ ಕೊಡ್ಲೇನ?"